ಉಡಚಮ್ಮನ ಬುತ್ತಿ ಚೀಲ

ಹರಿಹರದ ಬಸ್ ನಿಲ್ದಾಣದ ಹಿಂದೆ, ಹಣ್ಣಿನ ಗಾಡಿಗಳ ಸಾಲು ಮುಗಿಯುವಲ್ಲಿ, ವಾರಸುದಾರರಿಲ್ಲದ ಒಂದು ಬ್ಯಾಗು ಬಿದ್ದಿತ್ತು. ಬಾಂಬು ಇರಬಹುದೆಂದು ಪೊಲೀಸರು ಜನರನ್ನೆಲ್ಲ ದೂರ ಓಡಿಸಿದರು. ಆಮೇಲೆ ಅದನ್ನು ಬಿಚ್ಚಿ ನೋಡಲು ಕಸ ಗುಡಿಸುವ ಉಡಚಮ್ಮನನ್ನು ಕಳಿಸಿದರು. ತಾವು ಮೆಕ್ಕೆಜೋಳದ ಲಾರಿಯ ಹಿಂದೆ ನಿಂತರು.

ಆ ವಾರ ಎಲ್ಲೋ ದೂರದ ದೊಡ್ಡ ಊರಿನ ಮಾರ್ಕೆಟ್ಟಿನಲ್ಲಿ ಬಾಂಬು ಸಿಡಿದು ಜನ ಸತ್ತಿದ್ದರು. ತರಕಾರಿ ತರಲು ಹೋದವರು, ತರಕಾರಿ ಮಾರಲು ಕೂತವರು. ದೇಶಕ್ಕೆಲ್ಲ ಹೈ ಅಲರ್ಟು. ಹರಿಹರಕ್ಕೂ ಅಲರ್ಟು ಬಂತು. ಬಾಂಬು ಪರೀಕ್ಷೆ ಮಾಡುವ ತಂಡ, ಅದರ ನಾಯಿ, ಅದರ ದಪ್ಪನೆಯ ಅಂಗಿ ಮಾತ್ರ ಬರಲಿಲ್ಲ. ಅವು ಯಾರೋ ದೊಡ್ಡವರ ಮದುವೆಯ ಬಂದೋಬಸ್ತಿಗೆ ಹೋಗಿದ್ದವು.

ಉಡಚಮ್ಮ ಗುತ್ತೂರಿನ ಕೇರಿಯವಳು. ಐವತ್ತು ದಾಟಿದೆ. ಗುತ್ತಿಗೆದಾರನ ಕೈಕೆಳಗೆ ಬೀದಿ ಗುಡಿಸಿ ಗುಡಿಸಿ ಅವಳ ಬಲಗೈ ಎಡಗೈಗಿಂತ ದಪ್ಪವಾಗಿದೆ. ಆವತ್ತು ಅವಳು ಕೊಳೆತ ಬಾಳೆದಿಂಡು ಎಳೆದು ಕಸದ ಟಿಪ್ಪರಿಗೆ ಹಾಕುತ್ತಿದ್ದಳು. ದಫೇದಾರ ಪರಶುರಾಮ್ ಬಂದು ಬೆರಳಿನಲ್ಲೇ ಕರೆದ. ಗುಡಿಸುವವರಿಗೆಲ್ಲ ಹಾಜರಿ ಹಾಕಿ ಕೆಲಸ ಹಚ್ಚುವವನು ಅವನೇ.

ಲಾರಿಯ ಹಿಂದೆ ಸಬ್ ಇನ್ಸ್‌ಪೆಕ್ಟರ್ ಮಾಲತೇಶ್ ಕೂತಿದ್ದ. ಊರಿಗೆ ಹೊಸಬ. ಕಪ್ಪು ಕನ್ನಡಕ, ಕೈಯಲ್ಲೊಂದು ಧ್ವನಿವರ್ಧಕ.

"ಹೋಗು, ಅದನ್ನ ಬಿಚ್ಚಿ ನೋಡಿ ಏನೈತೆ ಅಂತ ಹೇಳು" ಎಂದ.

"ನಾನ್ಯಾಕ್ರಿ ಸಾಹೇಬ್ರೆ?"

"ನಿಂಗೆ ಕಸ ಮುಟ್ಟಿ ರೂಢಿ ಐತಲ್ಲ. ಕೈಗೇ ಗೊತ್ತಾಗ್ತೈತೆ."

"ಕಸ ಮುಟ್ಟೀನ್ರಿ. ಬಾಂಬು ಮುಟ್ಟಿಲ್ಲ."

"ಬಾಂಬು ಅಂತ ಯಾರು ಹೇಳಿದ್ರು? ಬರೀ ಬ್ಯಾಗು."

"ಬರೀ ಬ್ಯಾಗು ಆದ್ರೆ ನೀವ್ಯಾಕ್ರಿ ಗಾಲಿ ಸಂದಿಯಾಗೆ ಕುಂತೀರಿ?"

ಉತ್ತರ ಕೊಟ್ಟವನು ಪರಶುರಾಮ್. "ಮಾತು ಸಾಕು, ನಡೆಯವ್ವ. ನಾಳೆ ಹಾಜರಿ ಹಾಕೋನು ನಾನು."

ಉಡಚಮ್ಮ ನಡೆದಳು. ಬೆನ್ನ ಹಿಂದೆ ಊರೇ ಸುಮ್ಮನಾಗಿತ್ತು. ತನ್ನ ಚಪ್ಪಲಿಯ ಸದ್ದು ಅವಳಿಗೇ ಕೇಳಿಸುತ್ತಿತ್ತು. ಬ್ಯಾಗಿನ ಹತ್ತಿರ ಹೋಗಿ ಕೂರದೆ ಮೊದಲು ಪೊರಕೆಯ ಹಿಡಿಯಿಂದ ಅದನ್ನು ತಟ್ಟಿದಳು. ತಿಪ್ಪೆಗೆ ಕೈ ಹಾಕುವ ಮುಂಚೆ ಹೀಗೆ ತಟ್ಟುವುದು ಕಸ ಎತ್ತುವವರ ರೂಢಿ. ಹಾವಿದ್ದರೆ ಹೋಗಲಿ, ಗಾಜಿದ್ದರೆ ಸದ್ದಾಗಲಿ ಎಂದು. ಅವಳು ತಟ್ಟಿದ್ದೇ ತಡ ಲಾರಿಯ ಹಿಂದಿದ್ದವರೆಲ್ಲ ನೆಲಕ್ಕೆ ಬಿದ್ದರು.

"ತಟ್ಟಬ್ಯಾಡ್ವೇ, ನಿನ್ನ..." ಎಂದು ಧ್ವನಿವರ್ಧಕ ಬೈಯಿತು.

ಜಿಪ್ಪು ಎಳೆದಳು. ಎರಡು ಲುಂಗಿ. ಮೆತ್ತಗಾದ ಮಂಡಕ್ಕಿ. ಒಂದು ಗಾಜಿನ ಬಾಟಲಿ, ಅದರ ನೀರಿನಲ್ಲಿ ಯಾರದೋ ಹಲ್ಲುಸೆಟ್ಟು. ಹಲ್ಲುಸೆಟ್ಟು ಅವಳನ್ನು ನೋಡಿ ನಕ್ಕಿತು. ಅವಳು ಬಾಟಲಿಯನ್ನು ಬಿಸಿಲಿಗೆ ಎತ್ತಿ ಹಿಡಿದಳು.

"ಹಲ್ಲು ಐತ್ರಿ ಸಾಹೇಬ್ರೆ. ಕಚ್ಚಂಗಿಲ್ಲ, ಬರ್ರಿ."

ಮರುದಿನದ ಪೇಪರಿನಲ್ಲಿ ಮಾಲತೇಶನ ಫೋಟೋ ಬಂತು. ಕೈಯಲ್ಲಿ ಬ್ಯಾಗು, ಮೇಲೆ ಪೊಲೀಸರ ಸಮಯಪ್ರಜ್ಞೆಯ ಬಗ್ಗೆ ಒಂದು ತಲೆಬರಹ. ಫೋಟೋದ ಮೂಲೆಯಲ್ಲಿ ಪೊರಕೆಯ ತುದಿ ಕಾಣುತ್ತಿತ್ತು. ಉಡಚಮ್ಮ ಕಾಣುತ್ತಿರಲಿಲ್ಲ.

ಅವಳಿಗೆ ಭಯ ಬಂದದ್ದು ಬ್ಯಾಗು ಬಿಚ್ಚುವಾಗಲ್ಲ. ಸಂಜೆ ಮನೆಯಲ್ಲಿ ರೊಟ್ಟಿ ಬಡಿಯುವಾಗ. ಅಂಗೈಯಲ್ಲೇ ರೊಟ್ಟಿ ಹರಿಯಿತು. ಇನ್ನೊಂದು ಬಡಿದಳು, ಅದೂ ಹರಿಯಿತು. ಟಿವಿಯಲ್ಲಿ ಬಾಂಬು ಸಿಡಿದ ಊರನ್ನು ತೋರಿಸುತ್ತಿದ್ದರು. ಒಬ್ಬ ಹೆಂಗಸು ರಸ್ತೆಗೆ ನೀರು ಹೊಡೆದು ರಕ್ತ ತೊಳೆಯುತ್ತಿದ್ದಳು. ಮೈಮೇಲೆ ಉಡಚಮ್ಮ ತೊಡುವಂಥದೇ ಕಿತ್ತಳೆ ಜಾಕೀಟು.

"ನೋಡಿದ್ಯಾ" ಎಂದಳು ಉಡಚಮ್ಮ, ಪಕ್ಕದ ಮನೆಯ ನೇತ್ರಾವತಿಗೆ. ನೇತ್ರಾವತಿಯೂ ಅವಳ ಜೊತೆ ಗುಡಿಸುವವಳು, ಸಣ್ಣ ವಯಸ್ಸು, ನಗಲು ಕಾರಣ ಬೇಕಿಲ್ಲದವಳು. "ಸಿಡಿದ ಮ್ಯಾಲೆ ತೊಳೆಯೋರೂ ನಾವೇ. ಸಿಡಿಯೋಕೆ ಮುಂಚೆ ಮುಟ್ಟಿ ನೋಡೋರೂ ನಾವೇ. ನಡುವೆ ಇವರದೇನೈತೆ ಕೆಲಸ?"

"ಫೋಟೋ" ಎಂದಳು ನೇತ್ರಾವತಿ.

*

ಒಂದು ಸಲ ಮಾಡಿದ್ದು ರೂಢಿಯಾಯಿತು. ಎಲ್ಲಿ ಬ್ಯಾಗು ಬಿದ್ದಿರಲಿ, ಡಬ್ಬಿ ಬಿದ್ದಿರಲಿ, "ಉಡಚಮ್ಮನ್ನ ಕರೀರಿ." ರೈಲು ಹಳಿಯ ಪಕ್ಕದ ರಟ್ಟಿನ ಪೆಟ್ಟಿಗೆಯಲ್ಲಿ ಬೆಕ್ಕಿನ ಮರಿಗಳಿದ್ದವು. ಕೊಂಡಜ್ಜಿ ಕೆರೆ ಏರಿಯ ಮೇಲಿನ ಚೀಲದಲ್ಲಿ ಒಂದು ಜೊತೆ ಗಂಡಸಿನ ಚಪ್ಪಲಿ, ಒಂದು ಜೊತೆ ಹೆಂಗಸಿನ ಚಪ್ಪಲಿ. ಅವುಗಳ ಒಡೆಯರು ಪೊದೆಯ ಹಿಂದಿನಿಂದ ಎದ್ದು ಓಡಿದಾಗ ಮಾಲತೇಶ್ ಪಿಸ್ತೂಲು ತೆಗೆದಿದ್ದ. ಉಡಚಮ್ಮ ಚಪ್ಪಲಿಯನ್ನು ಅವರ ಹಿಂದೆ ಎಸೆದು, "ಹಾಕ್ಕೊಂಡು ಓಡ್ರಿ, ಮುಳ್ಳೈತೆ" ಎಂದಳು.

ಪ್ರತಿ ಸಲವೂ ಕಾಲು ತಣ್ಣಗಾಗುತ್ತಿತ್ತು. ಪ್ರತಿ ಸಲವೂ ಸಂಜೆ ರೊಟ್ಟಿ ಹರಿಯುತ್ತಿತ್ತು. ಒಂದು ದಿನ ಅವಳು ಮಾಲತೇಶನನ್ನು ಕೇಳಿಯೇಬಿಟ್ಟಳು.

"ಸಾಹೇಬ್ರೆ, ಬಾಂಬಿನೋರು ಹಾಕ್ಕೊಳ್ಳೋ ದಪ್ಪ ಅಂಗಿ ಐತಂತಲ್ರಿ. ಅದನ್ನಾರ ತರಿಸಿಕೊಡ್ರಿ ನಂಗೆ."

"ಆ ಸೂಟಾ? ಅದು ಭಾಳ ಕಾಸ್ಟ್ಲಿ. ಡ್ಯಾಮೇಜ್ ಆದ್ರೆ ಮೇಲಿನೋರಿಗೆ ನಾನು ಉತ್ತರ ಕೊಡ್ಬೇಕು."

"ನಾನು ಡ್ಯಾಮೇಜ್ ಆದ್ರೆ?"

ಮಾಲತೇಶ್ ನಿಜಕ್ಕೂ ಯೋಚಿಸಿದ. ಅದು ಅವನಿಗೆ ಹೊಸ ಪ್ರಶ್ನೆ. ಕಡೆಗೆ, "ನಿನ್ನ ಗುತ್ತಿಗೆದಾರರು ಇದಾರಲ್ಲ" ಎಂದ.

ಕಸದ ಟಿಪ್ಪರ್ ಓಡಿಸುವ ಖಾಜಾ ಹುಸೇನ್ ಇದನ್ನು ಕೇಳಿ ಸ್ಟೇರಿಂಗ್ ಮೇಲೆ ತಲೆಯಿಟ್ಟು ನಕ್ಕ. ಅವನು ಉಡಚಮ್ಮನಿಗೆ ತಮ್ಮನಂಥವನು. ಭಾರದ ಬುಟ್ಟಿ ಎತ್ತುವಾಗ ಒಂದು ಕೈ ಕೊಡುವವನು.

"ಏನಾರ ಅನ್ನಕ್ಕಾ, ನಿನ್ನ ನಸೀಬು ಚಲೋ ಐತೆ. ನೀನು ಬ್ಯಾಗ್ ಬಿಚ್ಚಿದ್ರೆ ಪೇಪರಿನಾಗೆ ಅವರ ಫೋಟೋ ಬರ್ತೈತೆ. ನಾನು ಬಿಚ್ಚಿದ್ರೆ ನಂದೇ ಬರ್ತೈತೆ."

ಖಾಜಾ ಹುಸೇನ್ ಚೀಲವನ್ನೇ ಇಟ್ಟುಕೊಳ್ಳುತ್ತಿರಲಿಲ್ಲ. ಹಿಂದೊಮ್ಮೆ ಸ್ಪ್ಯಾನರು, ವೈರು ತುಂಬಿದ ಅವನ ಚೀಲವನ್ನು ನೋಡಿ ಯಾರೋ ಪೊಲೀಸರಿಗೆ ಫೋನು ಮಾಡಿದ್ದರು. ಒಂದೊಂದು ಸ್ಪ್ಯಾನರೂ ಸ್ಪ್ಯಾನರೇ ಎಂದು ಸಾಬೀತಾಗುವವರೆಗೆ ಅವನನ್ನು ಒಳಗೆ ಕೂರಿಸಿದ್ದರು. ಹೊರಬಂದಾಗ ಎಡಗಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಆವತ್ತಿನಿಂದ ಊಟವನ್ನೂ ಪಾರದರ್ಶಕ ಪ್ಲಾಸ್ಟಿಕ್ ಕವರಿನಲ್ಲಿ ತರುತ್ತಾನೆ. ಟಿಪ್ಪರಿನ ಮುಂದುಗಡೆ, ಗಾಜಿನ ಹತ್ತಿರ, ದಾರಿಹೋಕರಿಗೆಲ್ಲ ಕಾಣುವಂತೆ ಇಡುತ್ತಾನೆ.

"ನಿನ್ ಹೆಂಡ್ತಿ ಇವತ್ತು ಏನ್ ಮಾಡ್ಯಾಳೆ ಅಂತ ಊರಿಗೆಲ್ಲ ಗೊತ್ತು ಕಣೋ" ಎಂದು ನೇತ್ರಾವತಿ ಛೇಡಿಸುತ್ತಿದ್ದಳು.

"ಗೊತ್ತಾಗ್ಲಿ ತಂಗೀ. ಬದನೇಕಾಯಿ ಪಲ್ಯ ಕಂಡ್ರೆ ಯಾರೂ ಹಿಡ್ಕೊಂಡು ಹೋಗಂಗಿಲ್ಲ."

ಉಳಿದವರ ಬುತ್ತಿ ಬಟ್ಟೆಯ ಚೀಲಗಳಲ್ಲಿ. ಅವನ್ನು ಇಡಲು ಇವರಿಗೊಂದು ಜಾಗವಿಲ್ಲ. ಪೊರಕೆ, ಬುಟ್ಟಿ, ಸಲಿಕೆಗೆ ಒಂದು ಕೋಣೆ ಇದೆ, ಬೀಗ ಇದೆ. ಅನ್ನಕ್ಕಿಲ್ಲ. ಬೇವಿನ ಟೊಂಗೆ, ಮೋರಿಯ ಸಂದಿ, ಟ್ರಾನ್ಸ್‌ಫಾರ್ಮರಿನ ಬೇಲಿ, ನಾಯಿಗೆ ಎಟುಕದ, ಇರುವೆಗೆ ಸಿಗದ ಎಲ್ಲೆಂದರಲ್ಲಿ ಇವರ ಬುತ್ತಿಗಳು ಅಡಗಿರುತ್ತವೆ. ಹೈ ಅಲರ್ಟಿನ ಕಣ್ಣಿಗೆ ಅವೆಲ್ಲ ಅನುಮಾನದ ವಸ್ತುಗಳೇ. ಆದರೆ ಆ ಬುತ್ತಿಗಳ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲವಾದ್ದರಿಂದ ಅನುಮಾನ ಹುಟ್ಟಿರಲಿಲ್ಲ.

*

ಬೆಣ್ಣೆದೋಸೆ ಹೋಟೆಲಿನ ಪ್ರಸಂಗ ನಡೆದದ್ದು ಈ ನಡುವೆ.

ಆ ಹೋಟೆಲಿನಲ್ಲಿ ಗುಡಿಸುವವರಿಗೆ ಕಾಗದದ ಲೋಟದಲ್ಲಿ ಚಾ ಕೊಡುತ್ತಾರೆ, ಹೊರಗಿನ ಕಟ್ಟೆಯ ಮೇಲಿಟ್ಟು. ಒಳಗೆ ಬರಬೇಡಿ ಎನ್ನಲು ಜಾತಿಯ ಹೆಸರು ಎತ್ತುವುದಿಲ್ಲ. ಕಾಲ ಬದಲಾಗಿದೆ. "ಕಾಲಾಗೆ ಕೊಳೆ ಐತೆ" ಎನ್ನುತ್ತಾರೆ. ಭಾನುವಾರ ಮಿಂದು, ಇಸ್ತ್ರಿ ಸೀರೆ ಉಟ್ಟು ಹೋದರೂ ನೇತ್ರಾವತಿಯ ಕಾಲಲ್ಲಿ ಅವರಿಗೆ ಕೊಳೆ ಕಂಡಿತ್ತು.

ಆ ಹೋಟೆಲಿನ ಹೊರಗಿನ ಬೆಂಚಿನ ಕೆಳಗೊಂದು ಬ್ಯಾಗು ಸಿಕ್ಕಿತು. ಉಡಚಮ್ಮನನ್ನು ಕರೆಸಿದರು. ಅವಳು ತಟ್ಟಿದಳು, ಬಿಚ್ಚಿದಳು, ನೋಡಿದಳು. ಕೂಸಿನ ಕುಲಾಯಿ, ಕಾಲುಚೀಲ, ಹಾಲುಪುಡಿಯ ಡಬ್ಬಿ. ಯಾವಳೋ ಬಾಣಂತಿ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಮರೆತದ್ದು. ಅದನ್ನು ಹೇಳಲು ಉಡಚಮ್ಮ ಬಾಯಿ ತೆರೆದಳು. ಎದುರಿಗೆ, ಬೀದಿಯ ಆಚೆ, ಮಾಲತೇಶ್ ಕಿವಿ ಮುಚ್ಚಿಕೊಂಡು ನಿಂತಿದ್ದ. ಅವಳಿಗೆ ಏನನ್ನಿಸಿತೋ, ಬಾಯಿ ಮುಚ್ಚಿ ಬ್ಯಾಗನ್ನು ಎರಡೂ ಕೈಯಲ್ಲಿ ಆರತಿ ತಟ್ಟೆಯಂತೆ ಹಿಡಿದು ಅವನ ಕಡೆಗೆ ನಡೆದಳು.

"ಅಲ್ಲೇ ಇಡು" ಎಂದ ಮಾಲತೇಶ್.

"ಕೈಯಾಗೇ ಕೊಡ್ತೀನ್ರಿ. ಫೋಟೋ ತೆಗಿಸ್ಬೇಕಲ್ರಿ."

"ಮುಟ್ಟಿಸಬ್ಯಾಡ. ದೂರ ನಿಂದ್ರು. ಹತ್ರ ಬರಬ್ಯಾಡ."

ಹುಟ್ಟಿದಾಗಿನಿಂದ ಕೇಳಿದ ಮಾತು. ಮುಟ್ಟಿಸಬೇಡ, ದೂರ ನಿಲ್ಲು, ಹತ್ತಿರ ಬರಬೇಡ. ಬಾವಿಯ ಹತ್ತಿರ ಕೇಳಿದ್ದಳು, ಅಂಗಡಿಯ ಹತ್ತಿರ ಕೇಳಿದ್ದಳು. ಆದರೆ ಹೇಳುವವನ ತುಟಿ ನಡುಗುವುದನ್ನು ಇವತ್ತೇ ಕಂಡದ್ದು. ಅವಳಿಗೆ ಅದು ಹಿಡಿಸಿತು. ಒಂದು ಹೆಜ್ಜೆ ಮುಂದಿಟ್ಟಳು. ಅವನು ಎರಡು ಹೆಜ್ಜೆ ಹಿಂದಿಟ್ಟ. ಅವಳು ತಿರುಗಿ ಹೋಟೆಲಿನ ಮೆಟ್ಟಿಲಿನತ್ತ ನೋಡಿದಳು. ಮೆಟ್ಟಿಲ ಮೇಲೆ ನಿಂತು ಇಣುಕುತ್ತಿದ್ದ ಸಾಹುಕಾರ, ಅವನ ಗಿರಾಕಿಗಳು ಒಬ್ಬರ ಮೇಲೊಬ್ಬರು ಬಿದ್ದು ಹಿತ್ತಲ ಬಾಗಿಲಿನಿಂದ ಓಡಿದರು.

ಉಡಚಮ್ಮ ಮೆಟ್ಟಿಲು ಹತ್ತಿದಳು. ಒಳಗೆ ಹೋದಳು.

ಫ್ಯಾನು ತಿರುಗುತ್ತಿತ್ತು. ಹಂಚಿನ ಮೇಲೆ ದೋಸೆಗಳು ಬೇಯುತ್ತಿದ್ದವು. ಬ್ಯಾಗನ್ನು ಸಾಹುಕಾರನ ಕುರ್ಚಿಯ ಮೇಲಿಟ್ಟು, ಸೌಟು ತೆಗೆದುಕೊಂಡು ದೋಸೆ ತಿರುವಿ ಹಾಕಿದಳು. ಅಷ್ಟರಲ್ಲಿ ನೇತ್ರಾವತಿಯೂ ಬಂದಳು.

"ಅಕ್ಕಾ, ಬಾಂಬು?"

"ಐತೆ. ಬೆಣ್ಣೆ ಜಾಸ್ತಿ ಹಾಕ್ಲಾ?"

ಇಬ್ಬರೂ ಕಲ್ಲಿನ ಮೇಜಿಗೆ ಎದುರುಬದುರು ಕೂತು ತಿಂದರು. ಹೊರಗಿನಿಂದ ಧ್ವನಿವರ್ಧಕ ಕೂಗಿತು. "ಉಡಚಮ್ಮ, ಏನು ನಡೀತೈತೆ ಒಳಗೆ?"

"ಬಿಚ್ತಾ ಇದೀನ್ರಿ. ಭಾಳ ನಾಜೂಕು ಐತೆ. ಟೈಮ್ ಹಿಡಿತೈತೆ."

"ಏನದು ವಾಸ್ನೆ?"

ಎರಡನೆಯ ದೋಸೆ ಸೀಯುತ್ತಿತ್ತು. "ಸುಟ್ಟ ವಾಸ್ನೇರಿ" ಎಂದಳು ಉಡಚಮ್ಮ. ಹೊರಗಿನ ಗುಂಪು ಇನ್ನಷ್ಟು ಹಿಂದೆ ಸರಿದ ಸದ್ದು ಕೇಳಿಸಿತು. ನೇತ್ರಾವತಿಗೆ ನಗು ತಡೆಯಲಾಗದೆ ಚಟ್ನಿ ಮೂಗಿಗೆ ಹತ್ತಿತು.

ತಿಂದು, ಕೈ ತೊಳೆದು, ಹೊರಗೆ ಬಂದು ಕುಲಾಯಿಯನ್ನು ಎತ್ತಿ ತೋರಿಸಿದಳು. ಆ ಸಂಜೆ ರೊಟ್ಟಿ ಹರಿಯಲಿಲ್ಲ.

ಸಾಹುಕಾರ ಹೋಟೆಲನ್ನು ಫಿನಾಯಿಲು ಹಾಕಿ ತೊಳೆಸಿದ. ತೊಳೆಯಲು ನೇತ್ರಾವತಿಯನ್ನೇ ಕರೆಸಬೇಕಾಯಿತು.

*

ಮೇ ತಿಂಗಳಲ್ಲಿ ಭಯೋತ್ಪಾದನೆ ವಿರೋಧಿ ದಿನ ಬಂತು. ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಒಂದು ಮೈದಾನದಲ್ಲಿ ದೊಡ್ಡ ಕಾರ್ಯಕ್ರಮ. ದೊಡ್ಡ ಸಾಹೇಬರೊಬ್ಬರು ಬಂದು ಎಲ್ಲರಿಂದ ಪ್ರತಿಜ್ಞೆ ಹೇಳಿಸುವವರಿದ್ದರು. ಮೈದಾನ ಗುಡಿಸಲು ಅಲ್ಲಿನವರು ಸಾಲದೆಂದು ಗುತ್ತಿಗೆದಾರ ಹರಿಹರದವರನ್ನೂ ಕರೆಸಿದ. ಖಾಜಾ ಹುಸೇನ್ ಕಸ ಇಳಿಸಿದ ಟಿಪ್ಪರನ್ನು ತೊಳೆದು ಇವರನ್ನು ಹತ್ತಿಸಿಕೊಂಡು ಬಂದ. ಕಸದ ಜಾಗದಲ್ಲಿ ಕೂತು ಬಂದವರು ಇಳಿದು ಕಸ ಗುಡಿಸಿದರು.

ಉಡಚಮ್ಮನಿಗೆ ಆವತ್ತು ಒಂದು ಉಡುಗೊರೆ ಸಿಕ್ಕಿತ್ತು. ಹಿಂದಿನ ವಾರ ತಿಪ್ಪೆಯಲ್ಲಿ ಅವಳಿಗೊಂದು ಕೀಲಿ ಕೊಡುವ ಹಳೆಯ ಅಲಾರಾಂ ಗಡಿಯಾರ ಸಿಕ್ಕಿ, ಅದನ್ನು ಖಾಜಾನಿಗೆ ಕೊಟ್ಟಿದ್ದಳು. ಅವನು ಸೀಮೆಎಣ್ಣೆಯಲ್ಲಿ ತೊಳೆದು, ತುಕ್ಕು ಕೆರೆದು, ನಡೆಯುವಂತೆ ಮಾಡಿ ತಂದಿದ್ದ.

"ಊಟದ ಹೊತ್ತಿಗೆ ಗಂಟೆ ಇಟ್ಟೀನಕ್ಕಾ. ಬಡಿತೈತೋ ಇಲ್ಲೋ ನೋಡನ."

ಉಡಚಮ್ಮ ಅದನ್ನು ಒಡೆಯದಿರಲೆಂದು ರೊಟ್ಟಿಗಂಟಿನ ಜೊತೆ ಸುತ್ತಿ ಬುತ್ತಿ ಚೀಲಕ್ಕೆ ಹಾಕಿದಳು. ಮೈದಾನದಲ್ಲಿ ಮರವಿಲ್ಲ. ನಾಯಿಗಳು ಸುತ್ತುತ್ತಿದ್ದವು. ಬುತ್ತಿ ಇಡಲು ಸಿಕ್ಕ ನೆರಳೆಂದರೆ ವೇದಿಕೆಯ ಕೆಳಗಿನದು.

"ತಮ್ಮಾ, ನಂಗೆ ಮಣಕಾಲು ಬಗ್ಗಂಗಿಲ್ಲ. ಇದನ್ನ ಆ ಸ್ಟೇಜಿನ ಕೆಳಗೆ ನೆಳ್ಳಿಗೆ ಇಟ್ಟು ಬಾ."

"ಚೀಲ ನನ್ ಕೈಗೆ ಕೊಡಬ್ಯಾಡಕ್ಕಾ."

"ಬುತ್ತಿ ಕಣೋ."

"ನಿನ್ ಕೈಯಾಗಿದ್ರೆ ಬುತ್ತಿ."

ಹಾಗೆಂದವನು ಅವಳ ಮೊಣಕಾಲನ್ನು ನೋಡಿ ಚೀಲ ತೆಗೆದುಕೊಂಡು ಹೋಗಿ ಇಟ್ಟು ಬಂದ.

ಬಿಸಿಲೇರಿತು. ಶಾಮಿಯಾನದ ಕೆಳಗೆ ಅಧಿಕಾರಿಗಳು, ಅವರಿಗೆ ಕೂಲರು. ಗುಡಿಸಿದವರಿಗೆ ಹಿಂದೆ, ಬಯಲಲ್ಲಿ ನಿಲ್ಲಲು ಅಪ್ಪಣೆಯಾಯಿತು. ದೊಡ್ಡ ಸಾಹೇಬರು ಬಲಗೈ ಮುಂದೆ ಚಾಚಿ ಪ್ರತಿಜ್ಞೆ ಹೇಳಿಸತೊಡಗಿದರು. ಅವರು ಒಂದು ಸಾಲು ಹೇಳುವುದು, ನಿಲ್ಲಿಸುವುದು, ಜನ ಅದನ್ನೇ ಹೇಳುವುದು. ಭಯಕ್ಕೆ ಬಗ್ಗುವುದಿಲ್ಲ ಎಂಬ ಅರ್ಥದ ಸಾಲು ಬಂತು. ಸಾಹೇಬರು ಹೇಳಿ ನಿಲ್ಲಿಸಿದರು. ಆ ಮೌನದಲ್ಲಿ ವೇದಿಕೆಯ ಕೆಳಗಿನಿಂದ ಸದ್ದು ಕೇಳಿಸಿತು.

ಟಕ್. ಟಕ್. ಟಕ್.

ಆ ಸಾಲನ್ನು ಯಾರೂ ತಿರುಗಿ ಹೇಳಲಿಲ್ಲ. ಶಾಮಿಯಾನ ಖಾಲಿಯಾಯಿತು. ಸಾಹೇಬರು ಮೈದಾನದ ಅಂಚಿನಲ್ಲಿ ನಿಲ್ಲಿಸಿದ್ದ ಬಸ್ಸಿನ ಹಿಂದೆ ಸಿಕ್ಕಿದರು, ಒಂದು ಕಾಲಿನ ಬೂಟಿಲ್ಲದೆ. ಹರಿಹರದಿಂದ ಬಂದೋಬಸ್ತಿಗೆ ಬಂದಿದ್ದ ಮಾಲತೇಶ್ ಅವರ ಪಕ್ಕದಲ್ಲೇ ಇದ್ದ.

"ಸರ್, ನಮ್ಮ ಹತ್ರ ಒಬ್ಬಳು ಇದಾಳೆ ಸರ್. ಎಕ್ಸ್‌ಪರ್ಟು. ಕೈಯಾಗೇ ಬಿಚ್ತಾಳೆ."

ಅಷ್ಟರಲ್ಲಿ ಯಾರೋ ಬಾಯಿ ಬಿಟ್ಟರು. ಬೆಳಿಗ್ಗೆ ಒಬ್ಬ ಡ್ರೈವರು ಚೀಲ ಇಡುವುದನ್ನು ನೋಡಿದೆವು ಎಂದರು. ಇಬ್ಬರು ಕಾನ್‌ಸ್ಟೇಬಲ್‌ಗಳು ಖಾಜಾ ಹುಸೇನನ ಕೈಗಳನ್ನು ಹಿಂದಕ್ಕೆ ತಿರುಚಿ ಬಸ್ಸಿನ ಹತ್ತಿರ ಎಳೆದು ತಂದರು. ಹೆಸರು ಕೇಳಿದರು. ಹೇಳಿದ. ಆಮೇಲೆ ಏನನ್ನೂ ಕೇಳಲಿಲ್ಲ. ಕೇಳುವ ಬದಲು ಹೊಡೆದರು. ಸರಿಯಾಗಿ ಕೇಳಿಸುತ್ತಿದ್ದ ಬಲಗಿವಿಯ ಕಡೆಗೇ ಹೊಡೆದರು.

ಉಡಚಮ್ಮ ಓಡಿಬಂದಳು. "ಅದು ನನ್ ಬುತ್ತಿರಿ ಸಾಹೇಬ್ರೆ. ನಾನೇ ಇಡು ಅಂತ ಹೇಳಿದ್ದೆ."

"ರೊಟ್ಟಿ ಟಕ್ ಟಕ್ ಅಂತೈತೇನು?" ಎಂದ ಮಾಲತೇಶ್.

"ಗಡಿಯಾರ ಐತ್ರಿ ಒಳಗೆ."

"ಬುತ್ತಿಯಾಗೆ ಗಡಿಯಾರ ಯಾಕ ಇಟ್ಟೆ?"

"ನಿಮ್ಮಂಗೆ ಜೇಬಿಲ್ರಿ ನಂಗೆ."

ದೊಡ್ಡ ಸಾಹೇಬರು ಅವಳನ್ನಲ್ಲ, ಮಾಲತೇಶನನ್ನು ನೋಡಿ ಹೇಳಿದರು. "ಇವಳು ಅವನನ್ನ ಉಳಿಸೋಕೆ ಹೇಳ್ತಿದಾಳೆ. ಮೊದಲು ಬಿಚ್ಚಿಸಿ. ಏನೇ ಇರಲಿ, ಅವನನ್ನ ಕರ್ಕೊಂಡು ಹೋಗಿ ಎನ್‌ಕ್ವೈರಿ ಮಾಡಿ."

"ರೊಟ್ಟಿ ಇದ್ರೂ ಎನ್‌ಕ್ವೈರಿನೇನ್ರಿ?" ಎಂದಳು ಉಡಚಮ್ಮ.

"ಇಟ್ಟಿದ್ದು ಅವನು ತಾನೆ?" ಎಂದ ಮಾಲತೇಶ್. "ಹೋಗು, ನಿನ್ ಕೆಲಸ ನೀನು ಮಾಡು. ಸ್ವಲ್ಪ ದಿನದಾಗೆ ಬಿಡ್ತೀವಿ ಅವನ್ನ."

ಖಾಜಾ ಹುಸೇನ್ ಟಿಪ್ಪರಿನ ಕಡೆ ನೋಡಿದ. ಟಿಪ್ಪರಿನ ಗಾಜಿನ ಹತ್ತಿರ ಅವನ ಪ್ಲಾಸ್ಟಿಕ್ ಕವರು ಕಾಣುತ್ತಿತ್ತು. ಇವತ್ತು ಮೆಂತ್ಯದ ಪಲ್ಯ.

ಉಡಚಮ್ಮ ವೇದಿಕೆಯ ಕಡೆಗೆ ನಡೆದಳು. ಹಿಂದೆ ಎಲ್ಲರೂ ಕಿವಿ ಮುಚ್ಚಿಕೊಂಡರು. ಈ ಸಲ ಅವಳ ಕಾಲು ತಣ್ಣಗಾಗಲಿಲ್ಲ. ತಲೆ ಓಡುತ್ತಿತ್ತು. ಬಿಚ್ಚಿದರೆ ರೊಟ್ಟಿ. ರೊಟ್ಟಿ ಎಂದು ಗೊತ್ತಾದರೆ ಇವರ ಹೆದರಿಕೆ ಹೋಗುತ್ತದೆ. ಹೆದರಿಕೆ ಹೋದರೆ ಖಾಜಾನನ್ನು ಜೀಪಿಗೆ ಹಾಕುತ್ತಾರೆ. ಉಳಿದ ಕಿವಿಯನ್ನೂ ಮುಗಿಸುತ್ತಾರೆ.

ನೋಯುವ ಮೊಣಕಾಲೂರಿ ಚೀಲ ಎಳೆದುಕೊಂಡಳು. ಅಭ್ಯಾಸಬಲದಿಂದ ಒಮ್ಮೆ ತಟ್ಟಿದಳು. ದೂರದಲ್ಲಿ ಯಾರೋ ಚೀರಿದರು. ಆಮೇಲೆ ಅವಳು ಮಾಡಿದ್ದು ಯಾರೂ ಹೇಳಿರದ ಕೆಲಸ. ಚೀಲ ಹಿಡಿದುಕೊಂಡು ವೇದಿಕೆ ಹತ್ತಿದಳು. ನಡುವಿನ ದೊಡ್ಡ ಕುರ್ಚಿಯಲ್ಲಿ, ದೊಡ್ಡ ಸಾಹೇಬರ ಕುರ್ಚಿಯಲ್ಲಿ, ಕೂತಳು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಕೂಲರಿನ ಗಾಳಿ ಅವಳ ಕಡೆಗೇ ಇತ್ತು.

ಬಯಲಲ್ಲಿ ನಿಂತಿದ್ದ ನೇತ್ರಾವತಿ ಇದನ್ನು ನೋಡಿದಳು. ಅವಳಿಗೆ ಹೋಟೆಲು ನೆನಪಾಯಿತು. ಪೊರಕೆಯನ್ನು ಅಲ್ಲೇ ಹಾಕಿ ಶಾಮಿಯಾನದತ್ತ ಹೊರಟಳು. ಅವಳ ಹಿಂದೆ ಉಳಿದವರೂ ಹೊರಟರು. ಕಿತ್ತಳೆ ಜಾಕೀಟುಗಳು ಸೋಫಾಗಳ ಮೇಲೆ ಕೂತವು. ಅಧಿಕಾರಿಗಳು ಬಿಸಿಲಲ್ಲಿ ನಿಂತರು.

"ಏಯ್, ಕೂಡ್ರಾಕೆ ಹೇಳಿಲ್ಲ ನಿಂಗೆ. ಬಿಚ್ಚು" ಎಂದಿತು ಧ್ವನಿವರ್ಧಕ.

ಮುಂದೆ ಮೈಕಿತ್ತು, ಆರಿಸಿರಲಿಲ್ಲ. ಉಡಚಮ್ಮ ಅದಕ್ಕೆ ಬಾಯಿ ಹಚ್ಚಿದಳು. ತನ್ನ ದನಿ ಮೈದಾನಕ್ಕೆಲ್ಲ ಕೇಳಿಸಿದಾಗ ಒಂದು ಕ್ಷಣ ತಾನೇ ಬೆಚ್ಚಿದಳು.

"ಮೊದಲು ಖಾಜಾನ್ನ ಬಿಡ್ರಿ. ಅವನು ಇಲ್ಲಿಗೆ ಬರ್ಲಿ."

"ಆಗಲ್ಲ" ಎಂದ ಮಾಲತೇಶ್.

ಚೀಲ ಬಡಿಯಿತು.

ತಿಪ್ಪೆಯಲ್ಲಿ ಬಿದ್ದಿದ್ದ ಗಡಿಯಾರ ಎಷ್ಟು ವರ್ಷದಿಂದ ಬಾಯಿ ಕಟ್ಟಿಕೊಂಡಿತ್ತೋ, ಎಲ್ಲ ಸೇರಿಸಿ ಒಮ್ಮೆಗೇ ಬಡಿಯಿತು. ಮೈಕು ಅದನ್ನು ಹಿಡಿದು ಬಡಾವಣೆಗೆಲ್ಲ ಕೇಳಿಸಿತು. ದೊಡ್ಡ ಸಾಹೇಬರು ಬಿದ್ದರು. ಮಾಲತೇಶ್ ಬಿದ್ದ. ಕಾನ್‌ಸ್ಟೇಬಲ್‌ಗಳು ಬಿದ್ದರು. ದಫೇದಾರ ಪರಶುರಾಮ್ ಎಲ್ಲರಿಗಿಂತ ಮೊದಲೇ ಬಿದ್ದಿದ್ದ. ಉಡಚಮ್ಮ ಮೇಲಿನಿಂದ ನೋಡಿದಳು. ಇಸ್ತ್ರಿ ಹಾಕಿದ ಬೆನ್ನುಗಳು, ಮಣ್ಣಿಗೆ ಒತ್ತಿದ ಮುಖಗಳು. ಬೆಳಿಗ್ಗೆ ಅವಳೇ ಗುಡಿಸಿದ ನೆಲ. ಚೊಕ್ಕಟವಾಗಿ ಗುಡಿಸಿದ್ದೇನೆ, ಯಾರಿಗೂ ಕಲ್ಲು ಒತ್ತುವುದಿಲ್ಲ ಎಂದುಕೊಂಡಳು.

ಬಸ್ಸಿನ ಹತ್ತಿರ ಒಬ್ಬನೇ ಒಬ್ಬ ನಿಂತಿದ್ದ. ಖಾಜಾ ಹುಸೇನ್. ಹಿಡಿದಿದ್ದವರು ಮಲಗಿದ್ದರಿಂದ ಅವನ ಕೈಗಳು ಅವನಿಗೆ ವಾಪಸು ಸಿಕ್ಕಿದ್ದವು. ಅವನು ಮಣಿಕಟ್ಟು ಉಜ್ಜಿಕೊಂಡ. ಮಲಗಿದವರನ್ನು ಎಚ್ಚರಿಕೆಯಿಂದ ದಾಟಿ ಟಿಪ್ಪರಿ‌ನ ಹತ್ತಿರ ಹೋದ. ಊಟದ ಕವರು ತೆಗೆದುಕೊಂಡು ಬಂದು ವೇದಿಕೆ ಹತ್ತಿ ಉಡಚಮ್ಮನ ಪಕ್ಕದ ಕುರ್ಚಿಯಲ್ಲಿ ಕೂತ. ತುಟಿಯಲ್ಲಿ ರಕ್ತವಿತ್ತು.

"ಬಡೀತಲ್ಲಕ್ಕಾ" ಎಂದ. "ಚಲೋ ರಿಪೇರಿ ಆಗೈತೆ."

ಗಂಟೆಗೆ ಕೊಟ್ಟಿದ್ದ ಕೀಲಿ ಮುಗಿದು ಬಡಿತ ನಿಂತಿತು. ಏನೂ ಸಿಡಿಯಲಿಲ್ಲ. ಟಕ್ ಟಕ್ ಮಾತ್ರ ಹಾಗೇ ಉಳಿಯಿತು. ಬಸ್ಸಿನ ಹತ್ತಿರ ಒಂದೊಂದೇ ತಲೆ ಎದ್ದಿತು. ಹತ್ತಿರ ಬರಲು ಯಾವ ತಲೆಗೂ ಧೈರ್ಯವಿರಲಿಲ್ಲ. ದೊಡ್ಡ ಸಾಹೇಬರು ಗದ್ದದ ಮಣ್ಣು ಒರೆಸಿಕೊಂಡು ಮಾಲತೇಶನಿಂದ ಧ್ವನಿವರ್ಧಕ ಕಸಿದುಕೊಂಡರು. ಅವರ ದನಿಯೇ ಬೇರೆಯಾಗಿತ್ತು.

"ನೋಡಮ್ಮ, ದಯವಿಟ್ಟು ಅದನ್ನ ಬಿಚ್ಚಿ ತೋರಿಸ್ರಿ."

ನೇತ್ರಾವತಿ ಸೋಫಾದಿಂದ ತಿರುಗಿ ನೋಡಿದಳು. "ಅಕ್ಕಾ, ರಿ ಹಚ್ಚಿದ್ರು ನಿಂಗೆ."

"ಕೇಳಿಸ್ತು" ಎಂದಳು ಉಡಚಮ್ಮ. ಮೈಕಿಗೆ ಬಗ್ಗಿದಳು. "ಖಾಜಾನ್ನ ಮುಟ್ಟಂಗಿಲ್ಲ ಅಂತ ಎಲ್ಲರ ಮುಂದೆ ಹೇಳ್ರಿ ಸಾಹೇಬ್ರೆ. ಇನ್ ಮುಂದೆ ಸಿಕ್ಕಿದ ಬ್ಯಾಗು ನೀವೇ ಬಿಚ್ತೀವಿ ಅಂತ ಹೇಳ್ರಿ. ಕೈ ಚಾಚಿ ಹೇಳ್ರಿ, ಆಗ ಹೇಳಿಸಿದ್ರಲ್ಲ, ಹಂಗೆ. ನೀವು ಒಂದು ಸಾಲು ಹೇಳ್ರಿ, ನಾವೂ ತಿರುಗಿ ಹೇಳ್ತೀವಿ."

ಬಸ್ಸಿನ ಹಿಂದೆ ಗುಸುಗುಸು ನಡೆಯಿತು. ಯಾರ ಕೈಯೂ ಮುಂದೆ ಬರಲಿಲ್ಲ. ಕಡೆಗೆ ಪರಶುರಾಮ್ ಎದ್ದು ನಿಂತ. ಅವನಿಗೆ ಗೊತ್ತಿದ್ದ ಒಂದೇ ಅಸ್ತ್ರವನ್ನು ತೆಗೆದ.

"ಉಡಚಮ್ಮಾ, ಸಾಹೇಬ್ರು ಹೇಳ್ತಿದಾರೆ, ಬಿಚ್ಚು. ಇಲ್ಲಾಂದ್ರೆ ನಾಳೆಯಿಂದ ನಿಂಗೆ ಹಾಜರಿ ಇಲ್ಲ."

ಉಡಚಮ್ಮ ಅವನನ್ನು ನೋಡಿದಳು. ಖಾಜಾನ ತುಟಿ ನೋಡಿದಳು. ಚೀಲದ ಬಾಯಿಗೆ ಇನ್ನೊಂದು ಗಂಟು ಹಾಕಿ ಬಿಗಿದಳು.

"ಬಿಚ್ಚಂಗಿಲ್ಲ" ಎಂದಳು. "ನನ್ ಬುತ್ತಿ. ನಂಗಿನ್ನೂ ಹಸಿವಾಗಿಲ್ಲ."